ಉಪ್ಪು ಮೊದಲು, ಸೊಪ್ಪು ಆಮೇಲೆ: ಮನೆಯಲ್ಲೇ ಆಲಿವ್ ಹದ ಮಾಡುವ ಬಗೆ

ಮರದಿಂದ ಕಿತ್ತ ಆಲಿವ್ ಕಾಯಿಯನ್ನು ಹಾಗೆಯೇ ತಿನ್ನಲು ಬರುವುದಿಲ್ಲ. ಹಸಿರಿದ್ದರೂ ಅಷ್ಟೆ, ಹಣ್ಣಾಗಿ ಕಪ್ಪು ತಿರುಗಿದ್ದರೂ ಅಷ್ಟೆ. ಒಂದು ಕಚ್ಚಿ ನೋಡಿದರೆ ಹಾಗಲಕಾಯಿಯ ಕಹಿ ಏನೂ ಅಲ್ಲ ಅನ್ನಿಸುತ್ತದೆ. ಆ ಕಹಿಗೆ ಕಾರಣ ಓಲಿಯುರೋಪಿನ್ ಎಂಬ ಅಂಶ. ಅದು ನೀರಿನಲ್ಲಿ ಕರಗುತ್ತದೆ ನಿಜ, ಆದರೆ ಕಾಯಿಯ ಸಿಪ್ಪೆಯ ಮೇಲೆ ಮೇಣದ ಪದರ ಇರುವುದರಿಂದ ತಾನಾಗಿ ಹೊರಗೆ ಬರುವುದು ಬಹಳ ನಿಧಾನ. ಅಂಗಡಿಯ ಜಾಡಿಯಲ್ಲಿ ಕಾಣುವ ಆಲಿವನ್ನೆಲ್ಲ ಯಾರೋ ಕಹಿ ಇಳಿಸಿ, ಉಪ್ಪಿನಲ್ಲಿ ಕೂರಿಸಿ ಹದಕ್ಕೆ ತಂದಿರುತ್ತಾರೆ. ಆ ಕೆಲಸ ಮನೆಯಲ್ಲಿ ಹೇಗೆ, ಯಾವ ಸೊಪ್ಪು ಯಾವಾಗ ಬೀಳಬೇಕು, ಜಾಡಿಯದ್ದನ್ನೇ ಕೊಂಡವರು ಅದನ್ನು ರುಚಿಗೆ ತರುವುದು ಹೇಗೆ ಎಂದು ಇಲ್ಲಿ ಬರೆಯುತ್ತೇನೆ.

ನಾನು ಶಿರಸಿ ಕಡೆಯವಳು. ನಮ್ಮ ಮನೆಯವರಿಗೆ ಹಡಗಿನ ಕಂಪನಿಯಲ್ಲಿ ಕೆಲಸ, ಹಾಗಾಗಿ ಸಂಸಾರ ಈಗ ಅಥೆನ್ಸಿಗೆ ಅಂಟಿಕೊಂಡಿರುವ ಪಿರೇಯಸ್ ಬಂದರಿನಲ್ಲಿ. ಇಲ್ಲಿ ಒಂದೊಂದು ಬಡಾವಣೆಗೂ ವಾರದಲ್ಲಿ ಒಂದು ದಿನ ಬೀದಿ ಸಂತೆ ಉಂಟು, ಲೈಕಿ ಅನ್ನುತ್ತಾರೆ. ಸೆಪ್ಟೆಂಬರ್ ಕೊನೆಯಿಂದ ಅಲ್ಲಿ ಹಸಿರು ಆಲಿವಿನ ರಾಶಿ ಬೀಳುತ್ತದೆ. ನವೆಂಬರ್ ಹೊತ್ತಿಗೆ ಕಡುನೇರಳೆ ಬಣ್ಣದ ಕಲಾಮಾತಾ ಬರುತ್ತದೆ. ನಮ್ಮ ಕೆಳಗಿನ ಮಹಡಿಯ ಅಜ್ಜಿ ಆ ಕಲಾಮಾತಾ ಪಟ್ಟಣ ಇರುವ ಮೆಸ್ಸೀನಿಯಾ ಪ್ರಾಂತದವರೇ. ಕಟ್ಟಡದವರೆಲ್ಲ ಅವರನ್ನು ಯಾಯಾ ಎಂದು ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನನಗೆ ಈ ಕೆಲಸ ಕಲಿಸಿದವರು ಅವರು.

ಮಲೆನಾಡಿನಲ್ಲಿ ಅಪ್ಪೆಮಿಡಿಗೆ ಉಪ್ಪು ಹಾಕುವುದನ್ನು ಕಂಡವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ತೊಟ್ಟು ಸಮೇತ ಕೊಯ್ದ ಮಿಡಿಯನ್ನು ಭರಣಿಯಲ್ಲಿ ಹರಳುಪ್ಪಿನ ಜೊತೆ ಪದರ ಪದರವಾಗಿ ಹಾಕಿ, ಅದು ನೀರು ಬಿಟ್ಟು ಸುಕ್ಕುವವರೆಗೆ ಕಾಯುತ್ತೇವೆ. ಸಾಸಿವೆ, ಮೆಣಸಿನ ಪುಡಿ ಬೀಳುವುದು ಅದಾದ ಮೇಲೆ. ಮೊದಲ ದಿನವೇ ಮಸಾಲೆ ಸುರಿಯುವವರು ಯಾರೂ ಇಲ್ಲ. ಆಲಿವಿಗೂ ಇದೇ ಕ್ರಮ, ಶುರುವಿನಲ್ಲಿ ಸಾದಾ ನೀರಿನ ಒಂದು ಹಂತ ಹೆಚ್ಚಿಗೆ ಅಷ್ಟೆ. ನೀರು ಕಹಿ ಇಳಿಸುತ್ತದೆ, ಉಪ್ಪು ಕಾಯಿಯನ್ನು ಕೆಡದಂತೆ ಕಾಯುತ್ತದೆ, ಸೊಪ್ಪಿನ ಸರದಿ ಎಲ್ಲಕ್ಕಿಂತ ಕೊನೆಗೆ. ಹೊಸಬರು ತಪ್ಪುವುದು ಈ ಜಾಗದಲ್ಲೇ. ಮೊದಲ ದಿನದ ನೀರಿಗೇ ಓರೆಗಾನೊ, ಬೆಳ್ಳುಳ್ಳಿ, ನಿಂಬೆ ಎಲ್ಲ ಹಾಕುತ್ತಾರೆ. ಮರುದಿನ ಆ ನೀರನ್ನು ಚೆಲ್ಲಲೇಬೇಕು, ಘಮವೂ ಅದರ ಜೊತೆಗೇ ಮೋರಿಗೆ ಹೋಗುತ್ತದೆ. ಕಹಿ ಇಳಿಯದ ಕಾಯಿಗೆ ಎಂಥ ಸೊಪ್ಪು ಹಾಕಿದರೂ ಕಹಿಯೇ ಮುಂದೆ ನಿಲ್ಲುತ್ತದೆ.

ಕಾಯಿ, ಉಪ್ಪು, ಪಾತ್ರೆ

ಹಸಿರು ಆಲಿವ್ ಬೇರೆ ಜಾತಿ, ಕಪ್ಪು ಆಲಿವ್ ಬೇರೆ ಜಾತಿ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಒಂದೇ ಮರದ ಕಾಯಿ ಬಲಿತಾಗ ಹಸಿರು, ಹಣ್ಣಾಗುತ್ತಾ ನೇರಳೆ, ಕೊನೆಗೆ ಕಪ್ಪು. ಆದರೆ ಕೆಲವು ತಳಿಗಳನ್ನು ಹಸಿರಿನಲ್ಲೇ ಕೊಯ್ಯುವುದು ರೂಢಿ. ಉತ್ತರ ಗ್ರೀಸಿನ ಹಾಲ್ಕಿದಿಕಿ ಹಾಗೆ. ದಪ್ಪ ಕಾಯಿ, ಗಟ್ಟಿ ತಿರುಳು. ಕಲಾಮಾತಾ ತಳಿಯನ್ನು ಕಪ್ಪಾಗುವವರೆಗೆ ಮರದಲ್ಲೇ ಬಿಡುತ್ತಾರೆ. ಗಾತ್ರದಲ್ಲಿ ಬಹಳ ಚಿಕ್ಕದಾದ ಕೊರೊನೇಕಿ ಮುಖ್ಯವಾಗಿ ಎಣ್ಣೆಯ ಗಾಣಕ್ಕೆ. ಮಲ್ಲಿಗೆ ಮತ್ತು ಪಾರಿಜಾತ ಕೂಡ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಆಲಿವಿನ ಕುಟುಂಬಕ್ಕೇ ಸೇರಿದವು ಎಂದು ತಿಳಿದ ದಿನ ನನಗೆ ಈ ಮರದ ಮೇಲೆ ಪ್ರೀತಿ ಇನ್ನಷ್ಟು ಹೆಚ್ಚಾಯಿತು.

ಕೊಳ್ಳುವಾಗ ಗಟ್ಟಿಯಾದ, ಏಟು ಬೀಳದ, ಹೆಚ್ಚುಕಡಿಮೆ ಒಂದೇ ಗಾತ್ರದ ಕಾಯಿ ಆರಿಸಿ. ಗಾತ್ರ ಬೇರೆ ಬೇರೆ ಇದ್ದರೆ ಚಿಕ್ಕದರ ಕಹಿ ಮೊದಲೇ ಇಳಿದು ಸಪ್ಪೆಯಾಗುತ್ತದೆ, ದೊಡ್ಡದು ಕಹಿಯಾಗಿಯೇ ಉಳಿಯುತ್ತದೆ. ಸೂಜಿ ಚುಚ್ಚಿದಂಥ ತೂತು ಕಂಡರೆ ಬಿಟ್ಟುಬಿಡಿ, ಅದು ಆಲಿವ್ ನೊಣದ ಕೆಲಸ. ನಮ್ಮ ಮಾವಿನ ಹಣ್ಣಿಗೆ ಹುಳು ಬೀಳಿಸುವ ನೊಣದ ಹತ್ತಿರದ ಸಂಬಂಧಿ ಅದು; ಒಳಗೆ ಮೊಟ್ಟೆಯಿಟ್ಟಿರುತ್ತದೆ. ಹಸಿರು ಕಾಯಿ ಹದವಾಗಿ ಬಲಿತಿದೆಯೋ ಎಂದು ನೋಡಲು ಒಂದನ್ನು ಹಿಂಡಿ. ಹಾಲಿನಂಥ ಬೆಳ್ಳನೆಯ ರಸ ಬಂದರೆ ಸರಿಯಾಗಿದೆ. ತಂದ ದಿನವೇ, ತಪ್ಪಿದರೆ ಮರುದಿನ ಕೆಲಸ ಶುರು ಮಾಡಿ.

ಉಪ್ಪು ಹರಳುಪ್ಪೇ ಆಗಬೇಕು. ಪುಡಿ ಉಪ್ಪಿನಲ್ಲಿ ಗಟ್ಟಿ ಕಟ್ಟದಿರಲೆಂದು ಬೆರೆಸುವ ಪದಾರ್ಥ ನೀರನ್ನು ಮಸುಕು ಮಾಡುತ್ತದೆ. ನಾನು ಬಳಸುವುದು ಮೆಸೊಲೋಂಗಿಯ ಉಪ್ಪಿನ ಗದ್ದೆಗಳಿಂದ ಬರುವ ದಪ್ಪ ಸಮುದ್ರದ ಉಪ್ಪು. ಬೇರೆ ಕಡೆ ಇರುವವರಿಗೆ ಏನೂ ಬೆರೆಸದ ಯಾವ ಕಲ್ಲುಪ್ಪಾದರೂ ಆದೀತು. ಪಾತ್ರೆಗೆ ಗಾಜು ಅಥವಾ ಪಿಂಗಾಣಿ ಭರಣಿ. ಅಲ್ಯೂಮಿನಿಯಂ, ತಾಮ್ರ, ಕಬ್ಬಿಣ ಬೇಡ. ಉಪ್ಪು ಹುಳಿ ಎರಡೂ ಲೋಹವನ್ನು ತಿನ್ನುತ್ತವೆ.

ಉಪ್ಪುನೀರಿನ ಅಳತೆ ತಪ್ಪಬಾರದು. ಇಲ್ಲಿನ ಹಳ್ಳಿಯವರು ಹಸಿ ಮೊಟ್ಟೆಯನ್ನು ನೀರಿನಲ್ಲಿ ಬಿಟ್ಟು ಉಪ್ಪು ಕರಗಿಸುತ್ತಾ ಹೋಗುತ್ತಾರೆ. ಮೊಟ್ಟೆ ತೇಲಿ, ನಾಣ್ಯದಷ್ಟು ಅಗಲ ನೀರಿನ ಮೇಲೆ ಕಂಡರೆ ಸಾಕೆಂದು ಲೆಕ್ಕ. ಅದು ಸುಮಾರು ಶೇ 10ರ ಉಪ್ಪುನೀರು. ಮನೆಗೆ ಮೊಟ್ಟೆ ತಾರದವರು ತೂಕ ಮಾಡಿದರಾಯಿತು: 1 ಲೀಟರ್ ನೀರಿಗೆ 100 ಗ್ರಾಂ ಉಪ್ಪು. ನೀರನ್ನು ಕುದಿಸಿ, ಉಪ್ಪು ಕರಗಿಸಿ, ಪೂರ್ತಿ ತಣಿದ ಮೇಲೆಯೇ ಕಾಯಿಗೆ ಹಾಕಿ. ಬಿಸಿ ನೀರು ಬಿದ್ದರೆ ಕಾಯಿ ಮೆತ್ತಗಾಗುತ್ತದೆ.

ಜಜ್ಜಿದ ಹಸಿರು ಆಲಿವ್

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಬೇಗ ಆಗುತ್ತದೆ, ರುಚಿಯಲ್ಲಿ ಇದಕ್ಕೆ ಸಮ ಇಲ್ಲ. ಗ್ರೀಕರು ಸಾಕಿಸ್ತೆಸ್ ಎನ್ನುತ್ತಾರೆ. 2 ಕಿಲೊ ಹಸಿರು ಕಾಯಿಯನ್ನು ತೊಳೆದುಕೊಳ್ಳಿ. ಒಂದೊಂದನ್ನೇ ಮರದ ಹಲಗೆಯ ಮೇಲಿಟ್ಟು ಕುಟ್ಟಾಣಿಯಿಂದಲೋ ನುಣುಪಾದ ಕಲ್ಲಿನಿಂದಲೋ ಒಂದೇ ಏಟು ಕೊಡಿ. ತಿರುಳು ಬಿರಿಯಬೇಕು, ಬೀಜ ಒಡೆಯಬಾರದು. ಒಡೆದರೆ ಚೂರು ಹಲ್ಲಿಗೆ ಸಿಗುತ್ತದೆ. ರಸ ಸಿಡಿಯುತ್ತದೆ, ಬಟ್ಟೆಗೆ ಕಲೆ ಹಿಡಿಯುತ್ತದೆ. ಹಳೆಯ ಸೀರೆಯೋ ನೈಟಿಯೋ ಉಟ್ಟು ಕೂರುವುದು ಲೇಸು. ಜಜ್ಜಿದ ಕಾಯಿ ಗಾಳಿಗೆ ಬೇಗ ಕಂದುತ್ತದೆ, ಆದ್ದರಿಂದ ಪಕ್ಕದಲ್ಲೇ ನೀರಿನ ಪಾತ್ರೆ ಇಟ್ಟುಕೊಂಡು ಆಗಿಂದಾಗ ಅದರೊಳಗೆ ಹಾಕುತ್ತಾ ಹೋಗಿ.

ಎಲ್ಲ ಮುಗಿದ ಮೇಲೆ ಕಾಯಿ ಮುಳುಗುವಷ್ಟು ನೀರು ತುಂಬಿ, ಮೇಲೊಂದು ತಟ್ಟೆ ಕವುಚಿ ಭಾರ ಇಡಿ. ಮೇಲೆ ತೇಲಿದ ಕಾಯಿ ಕಪ್ಪಾಗುತ್ತದೆ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ನೀರು ಬದಲಿಸಿ. ಒಂದು ವಾರ ಕಳೆದ ಮೇಲೆ ದಿನಕ್ಕೊಂದು ಕಾಯಿ ತಿಂದು ನೋಡಲು ಶುರು ಮಾಡಿ. ಕಾಯಿ ಮತ್ತು ತಳಿಯ ಮೇಲೆ ಹತ್ತು ಹನ್ನೆರಡು ದಿನವೂ ಬೇಕಾಗಬಹುದು. ಪೂರ್ತಿ ಕಹಿ ಹೋಗುವವರೆಗೆ ಕಾಯಬೇಡಿ. ಯಾಯಾ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು: ನಾಲಿಗೆಯ ಹಿಂಭಾಗದಲ್ಲಿ ಒಂದೆಳೆ ಕಹಿ ಉಳಿದಿರುವಾಗಲೇ ನಿಲ್ಲಿಸಬೇಕು ಎನ್ನುತ್ತಾರೆ, ಅದು ಹೋದರೆ ಆಲಿವಿನ ರುಚಿಯೂ ಹೋಯಿತು. ನನ್ನ ನಾಲಿಗೆಯೂ ಅದನ್ನೇ ಒಪ್ಪುತ್ತದೆ.

ಈಗ ಉಪ್ಪುನೀರು. ಈ ಕಾಯಿಯನ್ನು ಫ್ರಿಜ್ಜಿನಲ್ಲಿಟ್ಟು ಕೆಲವೇ ತಿಂಗಳಲ್ಲಿ ತಿಂದು ಮುಗಿಸುವುದರಿಂದ ಉಪ್ಪು ಸ್ವಲ್ಪ ಕಡಿಮೆ ಸಾಕು: 1 ಲೀಟರ್ ನೀರಿಗೆ 80 ಗ್ರಾಂ ಉಪ್ಪು, ಅದಕ್ಕೆ 150 ಮಿಲಿ ಲೀಟರ್ ನಿಂಬೆರಸ. ಹುಳಿ ಎರಡು ಕೆಲಸ ಮಾಡುತ್ತದೆ. ಜಜ್ಜಿದ ಕಾಯಿ ಬೇಗ ಕಂದದಂತೆ ನೋಡಿಕೊಳ್ಳುತ್ತದೆ, ಕೆಡಿಸುವ ಸೂಕ್ಷ್ಮಜೀವಿಗಳನ್ನೂ ದೂರ ಇಡುತ್ತದೆ. ಸೊಪ್ಪಿನ ಸರದಿ ಬಂದದ್ದು ಈಗ. ಇಲ್ಲಿ ಗುಡ್ಡದ ಮೇಲೆ ತಾನಾಗಿ ಬೆಳೆಯುವ ಸೋಂಪಿನ ಗಿಡದ ಒಣ ದಂಟನ್ನು ಹೂವಿನ ಸಮೇತ ಮುರಿದು ಜಾಡಿಗೆ ಇಳಿಬಿಡುತ್ತಾರೆ, ಜೊತೆಗೆ ನಿಂಬೆಯ ಬಿಲ್ಲೆಗಳು. ದಂಟು ಸಿಗದವರು ಒಂದು ಚಮಚ ಸೋಂಪು ಕಾಳನ್ನು ತರಿತರಿಯಾಗಿ ಕುಟ್ಟಿ ಹಾಕಬಹುದು. ಎರಡು ದಿನ ಬಿಟ್ಟು ತಿನ್ನಿ.

ಸೈಪ್ರಸ್ ದ್ವೀಪದವರ ಪದ್ಧತಿ ಬೇರೆ, ನಮ್ಮ ಮನೆಯಲ್ಲಿ ಅದಕ್ಕೇ ಹೆಚ್ಚು ಬೇಡಿಕೆ. ಕೊತ್ತಂಬರಿ ಬೀಜವನ್ನು ಹುರಿಯದೆ ಹಸಿಯಾಗಿಯೇ ಕುಟ್ಟಿ, ಜಜ್ಜಿದ ಬೆಳ್ಳುಳ್ಳಿ, ನಿಂಬೆ ಹೋಳು, ಒಳ್ಳೆಯ ಆಲಿವ್ ಎಣ್ಣೆಯ ಜೊತೆ ಬಡಿಸುವ ಹೊತ್ತಿಗೆ ಕಾಯಿಗೆ ಬೆರೆಸುತ್ತಾರೆ. ಒಂದು ಬಟ್ಟಲು ಕಾಯಿಗೆ ಒಂದು ಚಮಚ ಕೊತ್ತಂಬರಿ ಬೀಜ, ಒಂದು ಎಸಳು ಬೆಳ್ಳುಳ್ಳಿ, ಎರಡು ಚಮಚ ಎಣ್ಣೆ. ಬೀಜ ನುಣ್ಣಗೆ ಪುಡಿಯಾಗಬಾರದು, ಎರಡು ಹೋಳಾದರೆ ಸಾಕು. ಹುಳಿ ಉಪ್ಪಿನ ನಡುವೆ ಅದು ಹಲ್ಲಿಗೆ ಸಿಕ್ಕಿದಾಗ ಬರುವ ಪರಿಮಳಕ್ಕಾಗಿಯೇ ಈ ಪದ್ಧತಿ.

ಕಲಾಮಾತಾ, ಮತ್ತು ಒಣ ಉಪ್ಪಿನದು

ಕಲಾಮಾತಾ ಕಾಯಿಗೆ ಏಟು ಕೊಡುವುದಿಲ್ಲ, ಗೀರುತ್ತಾರೆ. ಚಿಕ್ಕ ಚೂಪಾದ ಚಾಕುವಿನಿಂದ ಉದ್ದಕ್ಕೆ ಎರಡು ಕಡೆ, ಬೀಜ ಮುಟ್ಟುವಷ್ಟು ಆಳಕ್ಕೆ ಗೀರು. ಆಮೇಲೆ ಅದೇ ಸಾದಾ ನೀರು, ದಿನಕ್ಕೊಮ್ಮೆ ಬದಲಿಸುತ್ತಾ ಹತ್ತು ದಿನದವರೆಗೆ. ನೀರು ಮೊದಮೊದಲು ಗಾಢ ನೇರಳೆಯಾಗಿ ಬರುತ್ತದೆ, ಗಾಬರಿ ಬೇಡ. ಕಹಿ ಅರ್ಧಕ್ಕೆ ಇಳಿದ ಮೇಲೆ 100 ಗ್ರಾಂ ಲೆಕ್ಕದ ಉಪ್ಪುನೀರಿನಲ್ಲಿ ಮೂರು ನಾಲ್ಕು ವಾರ. ಉಳಿದ ಕಹಿ ಅಲ್ಲಿ ಇಳಿಯುತ್ತದೆ, ಜೊತೆಗೆ ಸಣ್ಣ ಹುಳಿಯೂ ಹುಟ್ಟುತ್ತದೆ. ಕೊನೆಗೆ ಹೊಸ ಉಪ್ಪುನೀರು ಮೂರು ಪಾಲು, ಕೆಂಪು ದ್ರಾಕ್ಷಾರಸದ ವಿನಿಗರ್ ಒಂದು ಪಾಲು ಬೆರೆಸಿ ಜಾಡಿಗೆ ತುಂಬಿ, ಮೇಲೆ ಒಂದು ಬೆರಳು ದಪ್ಪ ಆಲಿವ್ ಎಣ್ಣೆ ನಿಲ್ಲಿಸುತ್ತಾರೆ. ಎಣ್ಣೆ ಗಾಳಿಯನ್ನು ತಡೆಯುತ್ತದೆ. ವಿನಿಗರ್ ಇಲ್ಲದ ಕಲಾಮಾತಾ ನನಗೆ ಕಲಾಮಾತಾ ಅನ್ನಿಸುವುದೇ ಇಲ್ಲ. ಈ ಜಾಡಿಗೆ ಸೊಪ್ಪು ಕಡಿಮೆ ಸಾಕು: ಒಂದು ದಾಫ್ನಿ ಎಲೆ (ಇಂಗ್ಲಿಷಿನಲ್ಲಿ ಬೇ ಲೀಫ್), ಹೂ ಸಮೇತ ಒಣಗಿಸಿದ ಓರೆಗಾನೊದ ಒಂದು ಕಡ್ಡಿ.

ಗೀರದೆ ಜಜ್ಜದೆ ಇಡೀ ಕಾಯಿಯನ್ನು ನೇರ ಉಪ್ಪುನೀರಿಗೆ ಇಳಿಸುವ ಪದ್ಧತಿಯೂ ಇದೆ. ಡೆಲ್ಫಿಯ ಕೆಳಗಿನ ಕಣಿವೆಯ ಅಂಫಿಸ್ಸಾ ಆಲಿವ್ ಹಾಗೆ ಆಗುವುದು. ರುಚಿ ಗಂಭೀರವಾಗಿರುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು; ಫ್ಲ್ಯಾಟಿನಲ್ಲಿ ಇರುವವರಿಗೆ ನಾನು ಹೇಳುವುದಿಲ್ಲ.

ಒಣ ಉಪ್ಪಿನ ಪದ್ಧತಿ ಮಾತ್ರ ಜಾಗ ಇಲ್ಲದವರಿಗೂ ಸುಲಭ. ಇದಕ್ಕೆ ಪೂರ್ತಿ ಕಪ್ಪಾದ, ಚಿಕ್ಕ ಕಾಯಿಯೇ ಬೇಕು. ಥಾಸೊಸ್ ದ್ವೀಪದ ಥ್ರೂಂಬಾ ಎಂಬ ಸುಕ್ಕು ಆಲಿವ್ ಈ ಬಗೆಯದು. 1 ಕಿಲೊ ಕಾಯಿಗೆ ಅರ್ಧ ಕಿಲೊ ಹರಳುಪ್ಪು ಬೆರೆಸಿ, ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಬಾಲ್ಕನಿಯಲ್ಲಿ ತೂಗುಹಾಕಿ, ಕೆಳಗೊಂದು ಬೋಗುಣಿ ಇಡಿ. ಕಪ್ಪು ಕಹಿ ನೀರು ತೊಟ್ಟಿಕ್ಕುತ್ತದೆ. ದಿನಾ ಒಮ್ಮೆ ಚೀಲವನ್ನು ಕುಲುಕಿ. ನಾಲ್ಕರಿಂದ ಆರು ವಾರದಲ್ಲಿ ಕಾಯಿ ಒಣದ್ರಾಕ್ಷಿಯ ಥರ ಸುಕ್ಕಾಗುತ್ತದೆ. ಉಪ್ಪು ಕೊಡವಿ, ಕುದಿಯುವ ನೀರಿನಲ್ಲಿ ಒಂದು ಕ್ಷಣ ಮುಳುಗಿಸಿ ತೆಗೆದು, ರಾತ್ರಿಯಿಡೀ ಬಟ್ಟೆಯ ಮೇಲೆ ಆರಿಸಿ. ಆಮೇಲೆ ಎಣ್ಣೆ ಸವರಿ, ಅಂಗೈಯಲ್ಲಿ ಉಜ್ಜಿದ ಓರೆಗಾನೊ ಬೆರೆಸಿ ಫ್ರಿಜ್ಜಿನಲ್ಲಿಡಿ. ಆಲಿವಿನ ಅಸಲಿ ಘಾಟು ತಿಳಿಯಬೇಕೆಂದರೆ ಇದನ್ನು ತಿನ್ನಬೇಕು.

ಕೆಟ್ಟದ್ದನ್ನು ಗುರುತಿಸುವುದು

ಉಪ್ಪುನೀರಿನ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿದರೆ ಹೆದರಬೇಡಿ, ಅದು ಈಸ್ಟ್. ಶುದ್ಧವಾದ ಚಮಚದಿಂದ ತೆಗೆದು, ಕಾಯಿ ನೀರಿನೊಳಗೆ ಮುಳುಗಿದೆಯೇ ಎಂದು ನೋಡಿ ಮುಚ್ಚಿ. ಆದರೆ ಹಸಿರು, ಕಪ್ಪು, ಗುಲಾಬಿ ಬಣ್ಣದ ಬೂಷ್ಟು ಬಂದರೆ, ಕಾಯಿ ಲೊಳೆಯಾಗಿದ್ದರೆ, ಕೊಳೆತ ವಾಸನೆ ಇದ್ದರೆ, ಮುಚ್ಚಳ ಉಬ್ಬಿದ್ದರೆ, ರುಚಿ ನೋಡುವುದಕ್ಕೂ ಹೋಗದೆ ಇಡೀ ಜಾಡಿಯನ್ನು ಎಸೆಯಿರಿ. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. 1919ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಕ್ಯಾಂಟನ್ನಿನಲ್ಲಿ ಔತಣವೊಂದರಲ್ಲಿ ಕ್ಯಾಲಿಫೋರ್ನಿಯದ ಕಪ್ಪು ಆಲಿವ್ ತಿಂದು ಜನ ಬೊಟುಲಿಸಂ ವಿಷಕ್ಕೆ ಬಲಿಯಾದರು. ಆ ಕಾಲದ ಅಂಥ ಪ್ರಕರಣಗಳಿಂದಾಗಿಯೇ ಕ್ಯಾಲಿಫೋರ್ನಿಯದಲ್ಲಿ ಆಲಿವಿನ ಡಬ್ಬಿಗಳನ್ನು ಹೆಚ್ಚು ಶಾಖದಲ್ಲಿ ಕಾಯಿಸುವ ಕಟ್ಟುನಿಟ್ಟು ಬಂತು. ಹುಳಿ ಇಲ್ಲದೆ, ಉಪ್ಪು ಸಾಲದೆ, ಗಾಳಿಯಾಡದ ಜಾಗದಲ್ಲಿ ಆ ವಿಷ ಹುಟ್ಟಿಸುವ ಜೀವಾಣು ಬೆಳೆಯುತ್ತದೆ, ಮತ್ತು ಅದರ ವಿಷಕ್ಕೆ ವಾಸನೆ, ರುಚಿ ಇರಲೇಬೇಕೆಂದಿಲ್ಲ. ಆದ್ದರಿಂದ ಉಪ್ಪನ್ನು ಕಣ್ಣಳತೆಯಲ್ಲಿ ಕಡಿಮೆ ಮಾಡಬೇಡಿ. ಬಿಪಿ ಇರುವವರು ತಿನ್ನುವ ಮುನ್ನ ಕಾಯಿಯನ್ನು ಒಂದೆರಡು ಗಂಟೆ ಸಾದಾ ನೀರಿನಲ್ಲಿ ನೆನೆಸಿ ಉಪ್ಪು ಇಳಿಸಿಕೊಳ್ಳಬಹುದು. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಅಡುಗೆಕಟ್ಟೆಯ ಮೇಲೆ ಇಡುವ ಅಭ್ಯಾಸ ಇದ್ದರೆ ಅದನ್ನೂ ಇಂದೇ ಬಿಡಿ, ಅಪಾಯ ಅದೇ.

ಸೊಪ್ಪುಗಳು

ಗ್ರೀಸಿನ ಅಡುಗೆಯಲ್ಲಿ ಆಲಿವಿನ ಖಾಯಂ ಜೊತೆಗಾರ ಓರೆಗಾನೊ, ಇಲ್ಲಿ ರೀಗನಿ. ಬೇಸಿಗೆಯಲ್ಲಿ ಹೂ ಬಿಟ್ಟಾಗ ಕೊಯ್ದು, ಕಟ್ಟು ಕಟ್ಟಿ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ ಒಣಗಿಸುತ್ತಾರೆ. ಸಂತೆಯಲ್ಲಿ ಅದು ಕಟ್ಟಾಗಿಯೇ ಸಿಗುತ್ತದೆ, ನಾನು ಪುಡಿ ಕೊಳ್ಳುವುದೇ ಇಲ್ಲ. ಹಸಿ ಸೊಪ್ಪು ಒಳ್ಳೆಯದು, ಒಣಗಿದ್ದು ಕೀಳು ಎಂಬ ನಂಬಿಕೆ ನಮ್ಮಲ್ಲಿದೆ. ಕೊತ್ತಂಬರಿ ಸೊಪ್ಪಿಗೆ ಅದು ಸರಿ. ಓರೆಗಾನೊ ಮಾತ್ರ ಒಣಗಿದಾಗಲೇ ಒಳ್ಳೆಯದು. ಹಸಿಯಲ್ಲಿ ಇರುವ ಹುಲ್ಲಿನ ವಾಸನೆ ಹೋಗಿ ಘಾಟು ಗಟ್ಟಿಯಾಗುತ್ತದೆ. ಬಳಸುವ ಕ್ಷಣದಲ್ಲಿ ಎರಡು ಅಂಗೈ ನಡುವೆ ಉಜ್ಜಿ ಉದುರಿಸಿ. ಮೊದಲೇ ಪುಡಿ ಮಾಡಿಟ್ಟರೆ ಒಂದೆರಡು ತಿಂಗಳಲ್ಲಿ ಅದು ಬರೀ ಹೊಟ್ಟು.

ಬೆಂಗಳೂರಿನ ತಂಗಿ ಓರೆಗಾನೊ ಇಲ್ಲದಿದ್ದರೆ ಏನು ಮಾಡಲಿ ಅಕ್ಕ ಎಂದು ಕೇಳಿದಾಗ ನಾನು ಹೇಳಿದ್ದು ದೊಡ್ಡಪತ್ರೆ. ಗಿಡದ ಜಾತಿ ಬೇರೆ, ಎಲೆ ದಪ್ಪ, ಆದರೆ ಎರಡರಲ್ಲೂ ಘಮ ಕೊಡುವ ಮುಖ್ಯ ಅಂಶ ಕಾರ್ವಾಕ್ರಾಲ್. ಆಲಿವಿನ ಜೊತೆ ಹಾಕುವುದಾದರೆ ಒಂದೆರಡು ಎಲೆಯನ್ನು ಸಣ್ಣಗೆ ಹೆಚ್ಚಿ, ಬಿಸಿ ಎಣ್ಣೆಯಲ್ಲಿ ಅರೆಕ್ಷಣ ಬಾಡಿಸಿ, ತಣಿದ ಮೇಲೆ ಬೆರೆಸಿ. ಎಲೆಯಲ್ಲಿ ನೀರು ಜಾಸ್ತಿ, ಹಾಗಾಗಿ ಜಾಡಿಗೆ ತುಂಬಿಡಲು ಬರುವುದಿಲ್ಲ, ಅಂದಂದಿಗೆ ತಿಂದುಬಿಡಬೇಕು. ಹಾಗೆಯೇ ಥೈಮ್ ಇಲ್ಲದಿದ್ದರೆ ಓಂಕಾಳು. ಥೈಮಿನಲ್ಲೂ ಓಂಕಾಳಿನಲ್ಲೂ ಇರುವುದು ಥೈಮಾಲ್. ಓಂಕಾಳಿನ ಘಾಟು ಬಲು ಜೋರು. ಒಂದು ಬಟ್ಟಲು ಆಲಿವಿಗೆ ಎರಡು ಬೆರಳಿನ ಚಿಟಿಕೆ, ಅದಕ್ಕಿಂತ ಹೆಚ್ಚು ಬೇಡ.

ದಾಫ್ನಿ ಎಲೆಗೆ ನಮ್ಮ ಪಲಾವ್ ಎಲೆ ಬದಲಿಯಲ್ಲ. ಪಲಾವ್ ಎಲೆ ದಾಲ್ಚಿನ್ನಿಯ ಬಳಗದ್ದು, ಉದ್ದಕ್ಕೆ ಮೂರು ನರ ಇರುತ್ತದೆ, ಘಮವೂ ಚಕ್ಕೆಯದ್ದೇ. ದಾಫ್ನಿಗೆ ನಡುವೆ ಒಂದೇ ನರ, ವಾಸನೆಯಲ್ಲಿ ತಣ್ಣನೆಯ ಔಷಧಿಯ ಛಾಯೆ. ಸಿಗದಿದ್ದರೆ ಏನೂ ಹಾಕಬೇಡಿ, ಚಕ್ಕೆಯ ವಾಸನೆಯ ಆಲಿವ್ ನನಗಂತೂ ಸೇರುವುದಿಲ್ಲ. ರೋಸ್ಮರಿ ಹಸಿರು ಆಲಿವಿಗೆ ಹೊಂದುತ್ತದೆ, ಅದರಲ್ಲೂ ಕಿತ್ತಳೆ ಸಿಪ್ಪೆಯ ಜೊತೆ. ಅದರ ಎಲೆ ಗಟ್ಟಿ ಮುಳ್ಳಿನಂತಿರುವುದರಿಂದ ಕಡ್ಡಿಯನ್ನು ಇಡಿಯಾಗಿ ಹಾಕಿ, ಎರಡು ದಿನ ಬಿಟ್ಟು ಎತ್ತಿಬಿಡಿ.

ಸಬ್ಬಸಿಗೆ ಸೊಪ್ಪು ಇಲ್ಲಿ ಇಷ್ಟು ಬಳಕೆಯಲ್ಲಿರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಹುರುಳಿಕಾಯಿ, ಅವರೆಗೆ ಹೋಲುವ ದಪ್ಪ ಕಾಳು, ಪಾಲಕ್ ತುಂಬಿದ ರೊಟ್ಟಿ, ಎಲ್ಲಕ್ಕೂ ಅದೇ. ಸಬ್ಬಸಿಗೆ, ಈರುಳ್ಳಿ, ಬೀಜ ತೆಗೆದ ಕಪ್ಪು ಆಲಿವ್ ಮೂರನ್ನೂ ಹೆಚ್ಚಿ ಅಕ್ಕಿ ರೊಟ್ಟಿಯ ಹಿಟ್ಟಿಗೆ ಕಲಸಿ ತಟ್ಟಿದರೆ ಬಹಳ ಚೆನ್ನಾಗಿರುತ್ತದೆ. ಹಿಟ್ಟಿಗೆ ಬೇರೆ ಉಪ್ಪು ಹಾಕುವಾಗ ಮಾತ್ರ ಕೈ ಹಿಡಿಯಿರಿ. ಸಬ್ಬಸಿಗೆ, ಪುದೀನ, ಪಾರ್ಸ್ಲಿ ಮೂರೂ ಹಸಿಯಾಗಿಯೇ ಬಳಸಬೇಕಾದವು, ಒಣಗಿಸಿದರೆ ಸಪ್ಪೆ. ಇವನ್ನು ಒಲೆ ಆರಿಸಿದ ಮೇಲೆ ಹಾಕಿ.

ಕಾಮಕಸ್ತೂರಿ ಜಾತಿಯ ಬೇಸಿಲ್ ಇಲ್ಲಿ ಪ್ರತಿ ಬಾಲ್ಕನಿಯ ಕುಂಡದಲ್ಲಿದೆ. ಆದರೆ ಹಳಬರ ಅಡುಗೆಯಲ್ಲಿ ಅದು ಅಪರೂಪ. ಸೆಪ್ಟೆಂಬರ್ 14ರ ಶಿಲುಬೆಯ ಹಬ್ಬಕ್ಕೆ ಚರ್ಚಿನಲ್ಲಿ ಅದರ ಕಡ್ಡಿಗಳನ್ನು ಹಂಚುತ್ತಾರೆ. ಯಾಯಾ ತಮ್ಮ ಕುಂಡದ ಎಲೆಯನ್ನು ಮೂಸಿ ಕೈಗೆ ಸವರಿಕೊಳ್ಳುತ್ತಾರೆಯೇ ಹೊರತು ಕಿತ್ತು ಪಲ್ಯಕ್ಕೆ ಹಾಕಿದ್ದನ್ನು ನಾನು ಕಂಡಿಲ್ಲ. ತುಳಸಿಕಟ್ಟೆಯ ಮನೆಯಲ್ಲಿ ಬೆಳೆದ ನನಗೆ ಅದಕ್ಕೆ ವಿವರಣೆ ಬೇಕಾಗಲಿಲ್ಲ.

ಜಾಡಿಯದ್ದನ್ನು ಕೊಂಡವರಿಗೆ

ಕರ್ನಾಟಕದ ಪೇಟೆಗಳಲ್ಲಿ ಸಿಗುವುದು ಜಾಡಿಯ ಅಥವಾ ಡಬ್ಬಿಯ ಆಲಿವ್, ಬಹುಪಾಲು ಸ್ಪೇನಿನದು. ಕೊಳ್ಳುವಾಗ ಹಿಂದಿನ ಚೀಟಿ ಓದಿ. ಫೆರಸ್ ಗ್ಲೂಕೋನೇಟ್ ಎಂದಿದ್ದರೆ ಆ ಕಪ್ಪು ಮರದಲ್ಲಿ ಹಣ್ಣಾಗಿ ಬಂದದ್ದಲ್ಲ. ಕಾಯಿಯನ್ನು ಪೂರ್ತಿ ಹಣ್ಣಾಗುವ ಮೊದಲೇ ಕೊಯ್ದು, ಕಾಸ್ಟಿಕ್ ಸೋಡಾದ ನೀರಿನಲ್ಲಿ ಕಹಿ ತೆಗೆದು, ಗಾಳಿ ಹಾಯಿಸಿ ಕಪ್ಪಾಗಿಸಿ, ಬಣ್ಣ ನಿಲ್ಲಲು ಆ ಕಬ್ಬಿಣದ ಲವಣ ಸೇರಿಸಿರುತ್ತಾರೆ. ತಿನ್ನಲು ಅಪಾಯವೇನಿಲ್ಲ, ರುಚಿಯೂ ಅಷ್ಟೇನಿಲ್ಲ. ಕಲಾಮಾತಾ ಎಂದು ಬರೆದದ್ದು ಅಥವಾ ಬೀಜ ಇರುವ ಹಸಿರು ಆಲಿವ್ ಸಿಕ್ಕರೆ ಅದನ್ನೇ ತನ್ನಿ. ಬೀಜ ತೆಗೆದ ಕಾಯಿಯ ಒಳಕ್ಕೂ ಉಪ್ಪುನೀರು ಹೊಕ್ಕು ತಿರುಳು ಸಪ್ಪಗಾಗಿರುತ್ತದೆ. ಬೀಜ ತೆಗೆಯುವುದು ಕಷ್ಟವಲ್ಲ, ಚಾಕುವನ್ನು ಅಡ್ಡ ಮಲಗಿಸಿ ಅಂಗೈಯಿಂದ ಒತ್ತಿದರೆ ತಾನೇ ಹೊರಬರುತ್ತದೆ.

200 ಗ್ರಾಂ ಆಲಿವನ್ನು ತೊಳೆದು, ಅರ್ಧ ಗಂಟೆ ಸಾದಾ ನೀರಿನಲ್ಲಿಟ್ಟು, ಬಸಿದು ಬಟ್ಟೆಯಿಂದ ಒರೆಸಿ. ನೀರು ಉಳಿದರೆ ಎಣ್ಣೆ ಹಿಡಿಯುವುದಿಲ್ಲ. ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಸೋಂಪನ್ನು ತರಿಯಾಗಿ ಕುಟ್ಟಿ. ನಾಲ್ಕು ಚಮಚ ಆಲಿವ್ ಎಣ್ಣೆಯನ್ನು ಬೆಚ್ಚಗೆ ಮಾಡಿ, ಕೈ ಸುಡುವಷ್ಟು ಬೇಡ, ಕುಟ್ಟಿದ್ದನ್ನೂ ಒಂದು ಮುರಿದ ಬ್ಯಾಡಗಿ ಮೆಣಸಿನಕಾಯಿಯನ್ನೂ ಹಾಕಿ ಹತ್ತು ನಿಮಿಷ ಬಿಡಿ. ತಣಿದ ಮೇಲೆ ಆಲಿವ್, ಒಂದು ಚಮಚ ಓರೆಗಾನೊ, ನಿಂಬೆಯ ಹಳದಿ ಸಿಪ್ಪೆಯ ಎರಡು ಪಟ್ಟಿ, ಅರ್ಧ ನಿಂಬೆಯ ರಸ ಬೆರೆಸಿ. ಫ್ರಿಜ್ಜಿನಲ್ಲಿಟ್ಟು ಮರುದಿನದಿಂದ ತಿನ್ನಬಹುದು, ನಾಲ್ಕೈದು ದಿನದೊಳಗೆ ಮುಗಿಸಿ. ತಂಪಿಗೆ ಎಣ್ಣೆ ಗಟ್ಟಿಯಾಗಿ ಬೆಳ್ಳಗಾಗುತ್ತದೆ, ಕೆಟ್ಟಿದೆ ಎಂದು ತಿಳಿಯಬೇಡಿ. ಊಟಕ್ಕೆ ಅರ್ಧ ಗಂಟೆ ಮೊದಲು ಹೊರಗಿಟ್ಟರೆ ಕರಗುತ್ತದೆ. ಮೊಸರನ್ನಕ್ಕೆ ನಂಚಿಕೊಳ್ಳಲು ಇದು ಹೇಳಿ ಮಾಡಿಸಿದ ಹಾಗಿದೆ. ನಮ್ಮ ಮನೆಯಲ್ಲಿ ಮಿಡಿ ಉಪ್ಪಿನಕಾಯಿ ಖಾಲಿಯಾದ ತಿಂಗಳುಗಳಲ್ಲಿ ಇದೇ ನಡೆಯುತ್ತದೆ.

ಅಡುಗೆಗೆ ಹಾಕುವಾಗ ಎರಡು ಮಾತು ನೆನಪಿಡಿ. ಆಲಿವನ್ನು ಹೆಚ್ಚು ಹೊತ್ತು ಕುದಿಸಬೇಡಿ, ಇದ್ದಬದ್ದ ಕಹಿಯೂ ಉಪ್ಪೂ ಸಾರಿಗೆ ಇಳಿಯುತ್ತದೆ. ಟೊಮೆಟೊ ಗೊಜ್ಜಿಗಾಗಲಿ ಬದನೆ ಪಲ್ಯಕ್ಕಾಗಲಿ ಕೊನೆಯ ಐದು ನಿಮಿಷದಲ್ಲಿ ಸೇರಿಸಿ. ಉಪ್ಪನ್ನು ಆಲಿವ್ ಹಾಕಿ ರುಚಿ ನೋಡಿದ ಮೇಲೆಯೇ ಹಾಕಿ. ಗ್ರೀಕರ ಹಳ್ಳಿ ಸಲಾಡಿಗೆ ಒಲೆಯೇ ಬೇಡ: ದಪ್ಪಗೆ ಹೆಚ್ಚಿದ ಟೊಮೆಟೊ, ಸೌತೆಕಾಯಿ, ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಒಂದು ಹಿಡಿ ಕಲಾಮಾತಾ, ಮೇಲೆ ಫೆತಾ ಚೀಸಿನ ಒಂದು ಇಡೀ ಹೋಳು, ಅದರ ಮೇಲೆ ಓರೆಗಾನೊ ಮತ್ತು ಎಣ್ಣೆ. ಅದಕ್ಕೆ ಎಲೆಕೋಸು, ಲೆಟ್ಯೂಸ್ ಎಂದು ಸೇರಿಸಬೇಡಿ. ತಟ್ಟೆಯ ತಳದಲ್ಲಿ ಉಳಿಯುವ ರಸಕ್ಕೆ ಬ್ರೆಡ್ಡು ಅದ್ದಿ ತಿನ್ನುವುದು ಇಲ್ಲಿನ ರೂಢಿ, ಚಪಾತಿಯೂ ಚೆನ್ನಾಗಿ ಹೊಂದುತ್ತದೆ. ಆರ್ಥೊಡಾಕ್ಸ್ ಉಪವಾಸದ ಕಟ್ಟುನಿಟ್ಟಿನ ದಿನಗಳಲ್ಲಿ ಆಲಿವ್ ಎಣ್ಣೆ ನಿಷಿದ್ಧ, ಆಲಿವ್ ಕಾಯಿಗೆ ಅಡ್ಡಿಯಿಲ್ಲ. ಆ ದಿನಗಳಲ್ಲಿ ಯಾಯಾ ಮನೆಯಲ್ಲಿ ಬೇಯಿಸಿದ ಬೇಳೆಯ ಮೇಲೆ ಹಸಿ ಈರುಳ್ಳಿ, ಆಲಿವ್, ಓರೆಗಾನೊ. ನಮ್ಮ ತೊವ್ವೆಗೂ ಹಾಗೇ ಹಾಕಿ ನೋಡಿ, ಒಗ್ಗರಣೆ ಬೇಕೆನ್ನಿಸುವುದಿಲ್ಲ.

ಕಾಯಿ ಮುಗಿದ ಮೇಲೆ ಉಳಿದ ಉಪ್ಪುನೀರನ್ನು ವಾಸನೆ ನೋಡಿ, ಚೆನ್ನಾಗಿದ್ದರೆ ಸೋಸಿ ಫ್ರಿಜ್ಜಿನಲ್ಲಿಡಿ. ಬೇಯಿಸಿದ ಕಾಳಿಗೆ, ಬ್ರೆಡ್ಡಿನ ಹಿಟ್ಟಿಗೆ ಉಪ್ಪಿನ ಬದಲು ಒಂದೆರಡು ಚಮಚ ಹಾಕಬಹುದು. ಗಿಡದ ಬುಡಕ್ಕೆ ಮಾತ್ರ ಸುರಿಯಬೇಡಿ, ಉಪ್ಪಿಗೆ ಬೇರು ಸುಟ್ಟುಹೋಗುತ್ತದೆ.